ಹಳೆಯ ಕಾರಿಗೆ ಹೊಸ ಎಂಜಿನ್: ಲೆಕ್ಕ ಹಿಂಚಕ್ರದಿಂದ ಶುರುವಾಗಲಿ

ಇಂಗ್ಲೆಂಡಿನ ಬಿಎಂಸಿ ಕಂಪನಿಯ ‘ಬಿ ಸೀರೀಸ್’ ಎಂಜಿನ್ನಿನ ಬಳಗ ದೊಡ್ಡದು. ಅದರ 1489 ಸಿ.ಸಿ. ರೂಪ ಉತ್ತರಪಾಡಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ ತಯಾರಾಗಿ ದಶಕಗಟ್ಟಲೆ ಅಂಬಾಸಿಡರನ್ನು ಎಳೆಯಿತು. 1798 ಸಿ.ಸಿ. ರೂಪ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರನ್ನು ಓಡಿಸಿತು. ಮುಂದೆ ಈ ಎರಡೂ ಕಾರುಗಳಿಗೆ ತಯಾರಕರೇ ಬೇರೆ ಮನೆತನದ ಎಂಜಿನ್ ತಂದು ಕೂರಿಸಿದರು. ಅಂಬಾಸಿಡರಿಗೆ ಜಪಾನಿನ ಇಸುಜು ಬಂತು, ಎಂಜಿಬಿಗೆ ರೋವರ್ ಕಂಪನಿಯ ವಿ8. ಎಂಜಿನ್ ಜೊತೆಗೆ ಅವರು ಇನ್ನೇನೇನು ಬದಲಿಸಬೇಕಾಯಿತು ಎಂಬ ಪಟ್ಟಿ ಸ್ವಾರಸ್ಯಕರ. ಮನೆಯ ಶೆಡ್ಡಿನಲ್ಲಿ ಹಳೆಯ ಕಾರು ನಿಲ್ಲಿಸಿಕೊಂಡು, ಅದಕ್ಕೊಂದು ಬಲವಾದ ಎಂಜಿನ್ ಹಾಕಿಸಬೇಕೆಂದಿರುವವರಿಗೆ ಬೇಕಾದ ಪಾಠ ಬಹುಪಾಲು ಆ ಪಟ್ಟಿಯಲ್ಲೇ ಸಿಗುತ್ತದೆ.

ಎಂಜಿಬಿಯ ಬಾನೆಟ್ಟಿನೊಳಗೆ ವಿ8 ಹಿಡಿಯುತ್ತದೆ, ಚೆನ್ನಾಗಿಯೇ ಓಡುತ್ತದೆ ಎಂದು 1970ರ ಸುಮಾರಿಗೆ ತೋರಿಸಿಕೊಟ್ಟವರು ಕೆನ್ ಕಾಸ್ಟೆಲೊ. ಅವರ ಕಾರುಗಳಿಗೆ ಗಿರಾಕಿಗಳು ಬಂದದ್ದನ್ನು ನೋಡಿದ ಮೇಲೆ 1973ರಲ್ಲಿ ಕಾರ್ಖಾನೆಯೇ ‘ಎಂಜಿಬಿ ಜಿಟಿ ವಿ8’ ಬಿಡುಗಡೆ ಮಾಡಿತು. 1976ರವರೆಗೆ 2591 ಕಾರುಗಳು ಹೊರಬಂದವು. ರೋವರಿನ ಆ 3528 ಸಿ.ಸಿ. ಎಂಜಿನ್ ಹುಟ್ಟಿದ್ದು ಅಮೆರಿಕದ ಬ್ಯೂಕ್ ಕಂಪನಿಯಲ್ಲಿ. ಪೂರ್ತಿ ಅಲ್ಯೂಮಿನಿಯಂ ಆಗಿದ್ದರಿಂದ, ಎಂಟು ಸಿಲಿಂಡರ್ ಇದ್ದರೂ ಎರಕದ ಕಬ್ಬಿಣದ ನಾಲ್ಕು ಸಿಲಿಂಡರಿನ ಬಿ ಸೀರೀಸ್‌ಗಿಂತ ಅದರ ತೂಕ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಕಾರಿನ ಮೂತಿ ಭಾರವಾಗಲಿಲ್ಲ, ಸ್ಟೀರಿಂಗಿನ ಹದ ಕೆಡಲಿಲ್ಲ. ಶಕ್ತಿ ಮಾತ್ರ 95ರಿಂದ 137 ಅಶ್ವಶಕ್ತಿಗೆ ಏರಿತು. ಟಾರ್ಕ್ 149 ನ್ಯೂಟನ್ ಮೀಟರಿನಿಂದ 262ಕ್ಕೆ ಹೋಯಿತು.

ನಿಜವಾದ ಕೆಲಸ ನಡೆದದ್ದು ಎಂಜಿನ್ನಿನ ಹಿಂದೆ. ಕಾರ್ಖಾನೆಯವರು ಕ್ಲಚ್ ದೊಡ್ಡದು ಮಾಡಿದರು. ಗೇರ್‌ಬಾಕ್ಸಿನ ಅನುಪಾತಗಳನ್ನು ಬದಲಿಸಿದರು. ಹಿಂದಿನ ಆಕ್ಸಲ್ಲಿನ ಕ್ರೌನ್-ಪಿನಿಯನ್ ಅನುಪಾತವನ್ನು 3.909ರಿಂದ 3.07ಕ್ಕೆ ಇಳಿಸಿದರು. ಮುಂದಿನ ಬ್ರೇಕ್ ಡಿಸ್ಕುಗಳನ್ನು ದಪ್ಪಗೊಳಿಸಿ ದೊಡ್ಡ ಕ್ಯಾಲಿಪರ್ ಹಾಕಿದರು. ಇಷ್ಟಾದರೂ ಒಂದು ಕಡೆ ಪೆಟ್ಟು ಬಿತ್ತು. ಮೊದಮೊದಲ ಕಾರುಗಳಲ್ಲಿ ಓವರ್‌ಡ್ರೈವ್ ಮೂರನೇ ಗೇರಿಗೂ ನಾಲ್ಕನೇ ಗೇರಿಗೂ ಕೆಲಸ ಮಾಡುತ್ತಿತ್ತು. ಮೂರನೇ ಗೇರಿನಲ್ಲಿ ವಿ8ನ ಟಾರ್ಕ್ ತಾಳಿಕೊಳ್ಳುವುದು ಆ ಪೆಟ್ಟಿಗೆಗೆ ಕಷ್ಟವಾಗಿ, ಸ್ವಲ್ಪ ಸಮಯದಲ್ಲೇ ಓವರ್‌ಡ್ರೈವನ್ನು ನಾಲ್ಕನೇ ಗೇರಿಗಷ್ಟೇ ಸೀಮಿತಗೊಳಿಸಿದರು. ಇಂಜಿನಿಯರುಗಳ ಪಡೆ ಇದ್ದ ಕಾರ್ಖಾನೆಗೇ ಹೀಗಾದ ಮೇಲೆ, ಗೇರ್‌ಬಾಕ್ಸಿನ ತಾಳಿಕೆಯ ಪ್ರಶ್ನೆಯನ್ನು ‘ಆಮೇಲೆ ನೋಡೋಣ’ ಎಂದು ತಳ್ಳುವ ಹಾಗಿಲ್ಲ.

ಆಕ್ಸಲ್ ಅನುಪಾತದ ಬದಲಾವಣೆ ಹೇಗೆ ನೆರವಾಯಿತು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಎಂಜಿನ್ನಿನ ಟಾರ್ಕನ್ನು ಮೊದಲ ಗೇರಿನ ಅನುಪಾತದಿಂದಲೂ ಆಕ್ಸಲ್ಲಿನ ಅನುಪಾತದಿಂದಲೂ ಗುಣಿಸಿದರೆ ಹಿಂದಿನ ಹಾಫ್ ಶಾಫ್ಟುಗಳ ಮೇಲೆ ಬೀಳುವ ಬಲ ಸಿಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿಬಿಯಲ್ಲಿ ಅದು ಸುಮಾರು 2000 ನ್ಯೂಟನ್ ಮೀಟರ್. ಹಳೆಯ ಅನುಪಾತಗಳನ್ನೇ ಇಟ್ಟುಕೊಂಡು ವಿ8 ಹಾಕಿದ್ದರೆ 3500 ದಾಟುತ್ತಿತ್ತು. ಕಾರ್ಖಾನೆ ಆರಿಸಿದ ಅನುಪಾತಗಳಿಂದ ಅದು 2500ರ ಆಸುಪಾಸಿನಲ್ಲಿ ನಿಂತಿತು. ಎಂಜಿನ್ನಿನ ಟಾರ್ಕ್ ಮುಕ್ಕಾಲು ಪಾಲು ಹೆಚ್ಚಿದರೂ ಆಕ್ಸಲ್ಲಿಗೆ ತಗುಲಿದ ಹೆಚ್ಚುವರಿ ಹೊರೆ ಕಾಲು ಪಾಲು ಮಾತ್ರ. ಬಲವಾದ ಎಂಜಿನ್ನಿಗೆ ಸಣ್ಣ ಅನುಪಾತ ಸಾಕಾಗುತ್ತದೆ, ಹಾಗಾಗಿ ಪಿಕಪ್ಪಿಗೂ ಕೊರತೆಯಾಗಲಿಲ್ಲ. ಇಡೀ ಯೋಜನೆಯಲ್ಲಿ ಅತ್ಯಂತ ಬುದ್ಧಿವಂತಿಕೆಯ ನಿರ್ಧಾರ ಇದೇ.

ಭಾರತದ ಕಾರ್ಖಾನೆಗಳೂ ಈ ವಿದ್ಯೆಯಲ್ಲಿ ಪಳಗಿದ್ದವು. ಹೊಸ ಎಂಜಿನ್ ವಿನ್ಯಾಸ ಮಾಡುವುದು ದುಬಾರಿಯಾದ ಕಾಲದಲ್ಲಿ ಒಂದು ಕಡೆಯ ದೇಹ, ಇನ್ನೊಂದು ಕಡೆಯ ಹೃದಯ ಜೋಡಿಸುವುದೇ ದಾರಿಯಾಗಿತ್ತು. 1985ರ ಪ್ರೀಮಿಯರ್ 118ಎನ್‌ಇ ಕಾರಿನ ದೇಹ ಫಿಯೆಟ್ 124ರದ್ದು, 1171 ಸಿ.ಸಿ. ಎಂಜಿನ್ ನಿಸ್ಸಾನ್‌ನದ್ದು. ಸ್ಟ್ಯಾಂಡರ್ಡ್ 2000 ಕಾರಿನಲ್ಲಿ ಆದದ್ದು ಎಂಜಿಬಿಯ ಕಥೆಗೆ ತದ್ವಿರುದ್ಧ. ಇಂಗ್ಲೆಂಡಿನಲ್ಲಿ ವಿ8 ಹೊತ್ತು ಮೆರೆದ ರೋವರ್ ಎಸ್‌ಡಿ1ರ ಸುಂದರ ದೇಹಕ್ಕೆ ಇಲ್ಲಿ ವ್ಯಾಂಗಾರ್ಡ್ ಕಾಲದ ಹಳೆಯ ಎರಡು ಲೀಟರ್ ಎಂಜಿನ್ ಕೂರಿಸಿದರು. ಜನ ಒಪ್ಪಲಿಲ್ಲ, ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು.

ಹಿಂದೂಸ್ತಾನ್ ಮೋಟರ್ಸ್‌ನದೇ ಆದ ಕಾಂಟೆಸಾ ಕಾರು ಇವೆರಡಕ್ಕಿಂತ ಹೆಚ್ಚು ಕಲಿಸುತ್ತದೆ. ವಾಕ್ಸ್‌ಹಾಲ್ ಮೂಲದ ಆ ದೊಡ್ಡ ದೇಹಕ್ಕೆ 1984ರಲ್ಲಿ ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನನ್ನೇ ಕೊಟ್ಟಿದ್ದರು. ಸುಮಾರು 50 ಅಶ್ವಶಕ್ತಿಗೆ ಆ ಕಾರು ಏದುಸಿರು ಬಿಡುತ್ತಿತ್ತು. ಇಸುಜುವಿನ 1.8 ಲೀಟರ್ ಎಂಜಿನ್ ಬಂದಾಗ ಅದರ ಜೊತೆಗೆ ಐದು ಗೇರಿನ ಪೆಟ್ಟಿಗೆಯೂ ಬಂತು. ಕಾರಿನ ನಡಿಗೆಯೇ ಬದಲಾಯಿತು. 1990ರ ದಶಕದ ಆರಂಭದಲ್ಲಿ ಅದೇ ಎಂಜಿನ್ ಮತ್ತು ಅದೇ ಐದು ಗೇರು, ಸುಮಾರು 75 ಅಶ್ವಶಕ್ತಿಯ ಹದಕ್ಕೆ ಇಳಿದು, ‘1800 ಐಎಸ್‌ಝಡ್’ ಹೆಸರಿನಲ್ಲಿ ಅಂಬಾಸಿಡರಿಗೂ ಬಂದವು. ಗೇರಿನ ಕೋಲು ಸ್ಟೀರಿಂಗ್ ಬುಡದಿಂದ ನೆಲಕ್ಕಿಳಿಯಿತು. ಮುಂಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೂಡ ಬಂತು. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಒಂದೇ ಜೋಡಿಯಾಗಿ ತರಬೇಕು ಎಂಬುದಕ್ಕೆ ನಮ್ಮ ರಸ್ತೆಗಳಲ್ಲಿ ಕಂಡ ಅತ್ಯುತ್ತಮ ಉದಾಹರಣೆ ಇದು.

ಜೋಡಿಯಾಗಿ ತರುವುದರ ಲಾಭ ಲೇತ್ ಅಂಗಡಿಯಲ್ಲಿ ಗೊತ್ತಾಗುತ್ತದೆ. ಹೊಸ ಎಂಜಿನ್ನಿಗೆ ಹಳೆಯ ಗೇರ್‌ಬಾಕ್ಸ್ ಸೇರಿಸಬೇಕಾದರೆ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಬೆಲ್ ಹೌಸಿಂಗಿನ ನಡುಗಣ್ಣು ಕ್ರ್ಯಾಂಕ್ ಶಾಫ್ಟಿನ ಕೇಂದ್ರಕ್ಕೆ ನೇರವಾಗಿ ಕೂರಬೇಕು. ಡಯಲ್ ಗೇಜ್ ಇಟ್ಟು ಸುತ್ತಿಸಿದಾಗ ಮುಳ್ಳಿನ ಓಲಾಟ 0.13 ಮಿಲಿಮೀಟರ್ ಮೀರಬಾರದು ಎಂಬುದು ಈ ಕಸುಬಿನವರು ಪಾಲಿಸುವ ಮಿತಿ. ಅದಕ್ಕಿಂತ ಹೆಚ್ಚಿದ್ದರೆ ಗೇರು ಕಚ್ಚಿಕೊಳ್ಳುತ್ತದೆ, ಇನ್‌ಪುಟ್ ಶಾಫ್ಟಿನ ಬೇರಿಂಗ್ ಬೇಗ ಸದ್ದು ಮಾಡುತ್ತದೆ, ಕ್ಲಚ್ ಪ್ಲೇಟಿನ ನಡುಭಾಗ ಒಡೆಯುತ್ತದೆ. ಕಣ್ಣಳತೆಯಲ್ಲಿ ಕೊರೆದ ಅಡಾಪ್ಟರ್ ಪ್ಲೇಟುಗಳು ಎಷ್ಟೋ ಒಳ್ಳೆಯ ಪೆಟ್ಟಿಗೆಗಳನ್ನು ಹೀಗೇ ಹಾಳು ಮಾಡಿವೆ. ಗುಜರಿಯಲ್ಲಿ ಎಂಜಿನ್ ಕೊಳ್ಳುವವರು ಅದೇ ವಾಹನದ ಗೇರ್‌ಬಾಕ್ಸ್, ಫ್ಲೈವೀಲ್, ಕ್ಲಚ್, ಸ್ಟಾರ್ಟರ್ ಮೋಟರ್ ಎಲ್ಲವನ್ನೂ ಒಟ್ಟಿಗೆ ಕೇಳಿ ಪಡೆಯುವುದು ಲೇಸು. ಬೆಂಗಳೂರಿನ ಶಿವಾಜಿನಗರವಾಗಲಿ ಬೇರಾವ ಊರಿನ ಗುಜರಿಯಾಗಲಿ, ಬಿಡಿಬಿಡಿಯಾಗಿ ಕೂಡಿಸಿದ ಜೋಡಣೆ ಅಗ್ಗ ಅನ್ನಿಸುವುದು ಕೊಳ್ಳುವ ದಿನ ಮಾತ್ರ.

ಎಂಜಿನ್ ಬದಲಾವಣೆ ಒಂದು ಉದ್ಯಮವೇ ಆಗಿರುವ ಅಮೆರಿಕದಲ್ಲಿ ಆಯ್ಕೆಗಳು ವಿಪುಲ. 1997ರ ಕಾರ್ವೆಟ್ ಜೊತೆ ಜನರಲ್ ಮೋಟರ್ಸ್ ತಂದ 5.7 ಲೀಟರಿನ ಎಲ್‌ಎಸ್1 ಎಂಜಿನ್ ಮತ್ತು ಅದರ ಬೆನ್ನಿಗೆ ಪಿಕಪ್ ಟ್ರಕ್ಕುಗಳಿಗೆ ಬಂದ 4.8, 5.3 ಲೀಟರಿನ ಸೋದರ ಎಂಜಿನ್ನುಗಳು ಅಲ್ಲಿನ ಹಳೆಯ ಕಾರುಗಳ ಲೋಕವನ್ನೇ ಬದಲಿಸಿದವು. 1960ರ ದಶಕದ ಷೆವೆಲ್, ಕಮಾರೊಗಳಿಗೆ ಅವುಗಳನ್ನು ಹಾಕುವವರು ಗೇರ್‌ಬಾಕ್ಸ್ ಆರಿಸುವಾಗ ಮೊದಲು ನೋಡುವುದು ತಾಳಿಕೆಯ ಅಂಕಿ. ಮಸ್ಟಾಂಗ್‌ಗಳಲ್ಲಿ ಬರುತ್ತಿದ್ದ ಟಿ5 ಎಂಬ ಐದು ಗೇರಿನ ಪೆಟ್ಟಿಗೆ ಹಗುರ, ಅಗ್ಗ, ಗೇರು ಬೀಳುವುದು ನಯ. ಆದರೆ ಅದರ ಉತ್ತಮ ಅವತರಣಿಕೆಗೂ 400 ನ್ಯೂಟನ್ ಮೀಟರ್ ಆಸುಪಾಸೇ ಮಿತಿ. ಅದರಾಚೆಗೆ ಟ್ರೆಮೆಕ್ ಕಂಪನಿಯ ಟಿಕೆಎಕ್ಸ್ ಅಥವಾ ಆರು ಗೇರಿನ ಟಿ56 ಬೇಕು. ಆಟೊಮ್ಯಾಟಿಕ್ ಬೇಕೆನ್ನುವವರಿಗೆ 4ಎಲ್60ಇ ಇದೆ. ಅದರ ಮೊದಲ ಗೇರು 3.06, ನಾಲ್ಕನೆಯದು 0.70. ಊರೊಳಗಿನ ಎಳೆತವೂ ಹೆದ್ದಾರಿಯ ನೆಮ್ಮದಿಯೂ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ. ಅದಕ್ಕೆ ಮೀರಿದ ಟಾರ್ಕ್ ಇದ್ದರೆ ಭಾರದ 4ಎಲ್80ಇ.

ಕೊನೆಯ ಗೇರಿನ ಅಂಕಿಯ ಬೆಲೆ ಹೆದ್ದಾರಿಯಲ್ಲಿ ತಿಳಿಯುತ್ತದೆ. ಟೈರಿನ ಸುತ್ತಳತೆ ಎರಡು ಮೀಟರ್ ಎಂದುಕೊಳ್ಳೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 833 ಸುತ್ತು ತಿರುಗುತ್ತದೆ. ಆಕ್ಸಲ್ ಅನುಪಾತ 4.1 ಇದ್ದು ಟಾಪ್ ಗೇರು ನೇರವಾಗಿದ್ದರೆ ಎಂಜಿನ್ 3400 ಸುತ್ತು ಹಾಕಬೇಕು. ಅನುಪಾತ 3.73 ಇದ್ದು 0.70ರ ಓವರ್‌ಡ್ರೈವ್ ಇದ್ದರೆ 2200 ಸಾಕು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಓಡಿಸುವಾಗ ಈ 1200 ಸುತ್ತುಗಳ ವ್ಯತ್ಯಾಸ ಕಿವಿಗೂ ಪೆಟ್ರೋಲಿಗೂ ಎಂಜಿನ್ನಿನ ಆಯುಸ್ಸಿಗೂ ಗೊತ್ತಾಗುತ್ತದೆ. ಎಂಜಿನ್ ಬದಲಿಸದೆ ಐದು ಗೇರಿನ ಪೆಟ್ಟಿಗೆಯನ್ನಷ್ಟೇ ಹಾಕಿಸಿಕೊಂಡು ತೃಪ್ತರಾದ ಕಾರಿನ ಒಡೆಯರು ಎಲ್ಲ ದೇಶಗಳಲ್ಲೂ ಇದ್ದಾರೆ. ಹೆಚ್ಚಿನವರಿಗೆ ಅದೇ ಸರಿಯಾದ ಉತ್ತರ.

ಡೀಸೆಲ್ ಹಾಕುವವರು ಈ ಲೆಕ್ಕವನ್ನು ಇನ್ನಷ್ಟು ಎಚ್ಚರದಿಂದ ಮಾಡಬೇಕು. ಮಲೆನಾಡು, ಕೊಡಗಿನ ತೋಟಗಳಲ್ಲಿ ದುಡಿದ ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳ ಆಕ್ಸಲ್ ಅನುಪಾತ 5.38. ಏರಿನಲ್ಲಿ, ಕೆಸರಿನಲ್ಲಿ ಅದು ವರ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸುವ ಪದ್ಧತಿ ಈ ಜೀಪುಗಳಲ್ಲಿ ಹಳೆಯದು, ಮಹೀಂದ್ರ ಕಂಪನಿಯೇ ಪ್ಯೂಜೊ ಮೂಲದ 2112 ಸಿ.ಸಿ. ಡೀಸೆಲ್ಲನ್ನು ತನ್ನ ಜೀಪುಗಳಿಗೆ ಹಾಕಿತ್ತು. ಹಳೆಯ ಡೀಸೆಲ್ಲುಗಳ ಉಸಿರು 4000 ಸುತ್ತುಗಳ ಆಸುಪಾಸಿನಲ್ಲಿ ಕಟ್ಟುತ್ತದೆ. ಟೈರಿನ ಸುತ್ತಳತೆ 2.2 ಮೀಟರ್ ಇದ್ದು ಅನುಪಾತ 5.38 ಇದ್ದರೆ, 80 ಕಿ.ಮೀ. ವೇಗಕ್ಕೇ ಎಂಜಿನ್ 3260 ಸುತ್ತು ತಿರುಗುತ್ತಿರುತ್ತದೆ. ಎಂಜಿನ್ ಎಷ್ಟೇ ಹೊಸದಾಗಿರಲಿ, ಕ್ರೌನ್-ಪಿನಿಯನ್ ಬದಲಿಸದೆ ಆ ಜೀಪು ಹೆದ್ದಾರಿಗೆ ಒಗ್ಗುವುದಿಲ್ಲ. ನಾಲ್ಕೂ ಚಕ್ರ ಎಳೆಯುವ ಜೀಪಾದರೆ ಮುಂದಿನ ಆಕ್ಸಲ್ಲಿಗೂ ಅದೇ ಅನುಪಾತ ಹಾಕಲೇಬೇಕು, ಖರ್ಚು ಇಮ್ಮಡಿ.

ಗೇರ್‌ಬಾಕ್ಸಿಗೂ ಆಕ್ಸಲ್ಲಿಗೂ ನಡುವಿನ ಪ್ರೊಪೆಲ್ಲರ್ ಶಾಫ್ಟನ್ನು ಬಹಳ ಜನ ಮರೆಯುತ್ತಾರೆ. ಹೊಸ ಗೇರ್‌ಬಾಕ್ಸ್ ಉದ್ದವಿದ್ದರೆ ಶಾಫ್ಟ್ ಕತ್ತರಿಸಿ ಬೆಸುಗೆ ಹಾಕಿ ಬ್ಯಾಲೆನ್ಸ್ ಮಾಡಿಸಬೇಕು. ಅದಕ್ಕಿಂತ ಸೂಕ್ಷ್ಮವಾದದ್ದು ಕೋನ. ಶಾಫ್ಟಿನ ಎರಡು ತುದಿಯ ಯೂನಿವರ್ಸಲ್ ಕ್ರಾಸುಗಳು ಒಂದರಿಂದ ಮೂರು ಡಿಗ್ರಿ ಬಾಗಿರಬೇಕು, ಎರಡೂ ಕೋನಗಳು ಒಂದಕ್ಕೊಂದು ಸಮವಾಗಿದ್ದು ವಿರುದ್ಧ ದಿಕ್ಕಿಗಿರಬೇಕು. ಆಗ ಒಂದು ಕ್ರಾಸ್ ಹುಟ್ಟಿಸಿದ ನಡುಕವನ್ನು ಇನ್ನೊಂದು ನುಂಗುತ್ತದೆ. ಎಂಜಿನ್ ಕೂರಿಸುವ ಭರದಲ್ಲಿ ಗೇರ್‌ಬಾಕ್ಸಿನ ಬಾಲ ಕೆಳಗಾಯಿತೆಂದರೆ 70-80 ಕಿ.ಮೀ. ವೇಗದಲ್ಲಿ ಇಡೀ ಕಾರು ಗುಂಯ್‌ಗುಡುತ್ತದೆ. ವೀಲ್ ಬ್ಯಾಲೆನ್ಸ್ ಮಾಡಿಸಿ ಮಾಡಿಸಿ ಸುಸ್ತಾದವರು ಒಮ್ಮೆ ಶಾಫ್ಟಿನ ಕೋನ ಅಳೆದು ನೋಡಬೇಕು.

ಹಿಂದಿನ ಆಕ್ಸಲ್ಲಿನ ಮಾತು ಬಂದಾಗ ಸನ್‌ಬೀಮ್ ಟೈಗರ್ ನೆನಪಾಗದೆ ಇರದು. 1.6 ಲೀಟರಿನ ಆಲ್ಪೈನ್ ಎಂಬ ಸಣ್ಣ ಕಾರಿಗೆ ಫೋರ್ಡಿನ 4.2 ಲೀಟರ್ ವಿ8 ಹಾಕಿ 1964ರಲ್ಲಿ ತಂದ ಕಾರದು. ಮೊದಲ ಮಾದರಿಗಳ ಕೆಲಸ ಕ್ಯಾರಲ್ ಶೆಲ್ಬಿಯ ಬಳಗದ್ದು, ತಯಾರಿ ಜೆನ್ಸನ್ ಕಾರ್ಖಾನೆಯದು. ಆಲ್ಪೈನ್‌ನ ಆಕ್ಸಲ್ ಈ ಹೊರೆ ತಾಳದೆಂದು ಗಟ್ಟಿಯಾದ ಸಾಲ್ಸ್‌ಬರಿ ಆಕ್ಸಲ್ ಹಾಕಿದರು, ಅನುಪಾತವನ್ನು 2.88ಕ್ಕೆ ಇಳಿಸಿದರು. ಆಕ್ಸಲ್ ಅಡ್ಡಡ್ಡ ಓಲಾಡದಂತೆ ಪ್ಯಾನ್‌ಹಾರ್ಡ್ ರಾಡ್ ಕಟ್ಟಿದರು. ಎಂಜಿನ್ನಿಗೆ ಜಾಗ ಸಾಲದೆ ಸ್ಟೀರಿಂಗ್ ಪೆಟ್ಟಿಗೆಯನ್ನೇ ತೆಗೆದು ರ್‍ಯಾಕ್ ಮಾದರಿಗೆ ಹೋದರು. ಶೆಲ್ಬಿಯ ಕೋಬ್ರಾದಲ್ಲೂ ಹೀಗೇ: ಎಸಿ ಏಸ್ ಕಾರಿನ ಹಗುರ ಡಿಫರೆನ್ಶಿಯಲ್ ತೆಗೆದು ಜಾಗ್ವಾರ್ ಇ-ಟೈಪ್ ಬಳಸುತ್ತಿದ್ದ ಸಾಲ್ಸ್‌ಬರಿ ಘಟಕ ಹಾಕಿದ ಮೇಲೆಯೇ ವಿ8ನ ಬಲ ರಸ್ತೆಗೆ ಇಳಿಯಿತು.

ಅಮೆರಿಕದ ಹವ್ಯಾಸಿಗಳು ಇಂದಿಗೂ ಫೋರ್ಡಿನ ಒಂಬತ್ತಿಂಚಿನ ಆಕ್ಸಲ್ಲಿಗೆ ಮುಗಿಬೀಳುತ್ತಾರೆ. 1957ರಿಂದ 1986ರವರೆಗೆ ಕಾರ್ಖಾನೆಯಿಂದ ಬಂದ ಈ ಆಕ್ಸಲ್ಲಿನ ಡಿಫರೆನ್ಶಿಯಲ್ ಇಡಿಯಾಗಿ ಮುಂದಿನಿಂದ ಬಿಚ್ಚಿ ಹೊರತೆಗೆಯಲು ಬರುತ್ತದೆ, ಹಾಗಾಗಿ ಅನುಪಾತ ಬದಲಿಸುವುದು ಸುಲಭ. ಕೈ ಬಿಗಿ ಇರುವವರ ಆಯ್ಕೆ 1995ರಿಂದ 2001ರವರೆಗಿನ ಎಕ್ಸ್‌ಪ್ಲೋರರ್ ಗಾಡಿಯ 8.8 ಇಂಚಿನ ಆಕ್ಸಲ್. ಅದರ ಹಾಫ್ ಶಾಫ್ಟುಗಳು ದಪ್ಪ, ಡಿಸ್ಕ್ ಬ್ರೇಕ್ ಕಾರ್ಖಾನೆಯಿಂದಲೇ ಬಂದಿರುತ್ತದೆ, ಅಗಲ ಮೊದಲ ತಲೆಮಾರಿನ ಮಸ್ಟಾಂಗಿಗೆ ಹತ್ತಿರ. ಆಕ್ಸಲ್ಲೂ ಬ್ರೇಕೂ ಒಂದೇ ಖರ್ಚಿನಲ್ಲಿ ಮುಗಿಯುತ್ತವೆ. ಇಂಥ ಒಂದೇ ಏಟಿನ ಪರಿಹಾರ ಹುಡುಕುವುದು ಜಾಣತನ. ಪಟ್ಟಿ ಸ್ಪ್ರಿಂಗಿನ ಮೇಲೆ ಕೂತ ಆಕ್ಸಲ್ ಆದರೆ ಇನ್ನೊಂದು ಎಚ್ಚರಿಕೆ ಬೇಕು. ಹೆಚ್ಚಿದ ಟಾರ್ಕಿಗೆ ಸ್ಪ್ರಿಂಗ್ ತಿರುಚಿಕೊಂಡು ಚಕ್ರ ಕುಪ್ಪಳಿಸತೊಡಗುತ್ತದೆ. ಬಳಲಿದ ಸ್ಪ್ರಿಂಗ್ ಪಟ್ಟಿ, ಸವೆದ ಬುಷ್ ಬದಲಿಸದೆ ಗಟ್ಟಿ ಆಕ್ಸಲ್ ಹಾಕಿ ಪ್ರಯೋಜನವಿಲ್ಲ.

ಇನ್ನು ಬ್ರೇಕ್. ಎಂಜಿನ್ ಬದಲಾವಣೆಯ ಮಾತುಕತೆಯಲ್ಲಿ ಇದು ಕೊನೆಗೆ ಬರುತ್ತದೆ, ಆದರೆ ಕೆಲಸದ ಕ್ರಮದಲ್ಲಿ ಮೊದಲು ಬರಬೇಕು.

ನಾಲ್ಕು ಜನ ಕೂತ, ಒಟ್ಟು 1400 ಕಿಲೋ ತೂಗುವ ಕಾರನ್ನು 80 ಕಿ.ಮೀ. ವೇಗದಿಂದ ನಿಲ್ಲಿಸಲು ಬ್ರೇಕುಗಳು ಸುಮಾರು 346 ಕಿಲೋಜೂಲ್ ಶಕ್ತಿಯನ್ನು ಶಾಖವಾಗಿ ಅರಗಿಸಬೇಕು. ವೇಗ 120 ಆದರೆ 778 ಕಿಲೋಜೂಲ್. ವೇಗ ಒಂದೂವರೆ ಪಟ್ಟು ಏರಿದರೆ ಶಾಖ ಎರಡೂಕಾಲು ಪಟ್ಟು ಏರುತ್ತದೆ. ಘಟ್ಟದ ಲೆಕ್ಕ ಇನ್ನೂ ಕಠಿಣ. ಅದೇ ಕಾರು ಘಟ್ಟದಲ್ಲಿ 500 ಮೀಟರ್ ಎತ್ತರ ಇಳಿದರೆ ಸುಮಾರು 6900 ಕಿಲೋಜೂಲ್ ಎಲ್ಲಿಗಾದರೂ ಹೋಗಲೇಬೇಕು. ಎಂಜಿನ್ ಬ್ರೇಕಿಂಗ್ ಮತ್ತು ಗಾಳಿಯ ತಡೆ ಒಂದಷ್ಟು ಹೊರುತ್ತವೆ, ಉಳಿದದ್ದು ಬ್ರೇಕಿನ ಪಾಲು. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಅರ್ಧ ಇಳಿಯುವಷ್ಟರಲ್ಲಿ ಲೈನರ್ ಸುಟ್ಟ ವಾಸನೆ ಬರುವುದಕ್ಕೆ ಕಾರಣ ಇದು. ಇಲ್ಲಿ ಗೇರಿಗೂ ಬ್ರೇಕಿಗೂ ನೇರ ನಂಟಿದೆ. ಹೆದ್ದಾರಿಯ ನೆಮ್ಮದಿಗೆಂದು ಆಕ್ಸಲ್ ಅನುಪಾತ ಇಳಿಸಿದರೆ ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಅಷ್ಟೇ ಕಡಿಮೆಯಾಗುತ್ತದೆ. ಥ್ರಾಟಲ್ ಚಿಟ್ಟೆಯಿಲ್ಲದ ಹಳೆಯ ಡೀಸೆಲ್ಲುಗಳ ಹಿಡಿತ ಪೆಟ್ರೋಲಿನಷ್ಟು ಇರುವುದಿಲ್ಲ. ಕಡಿಮೆಯಾದ ಆ ಹಿಡಿತವನ್ನೂ ಬ್ರೇಕೇ ತುಂಬಿಕೊಡಬೇಕು.

ಡ್ರಮ್ ಬ್ರೇಕ್ ಕೆಟ್ಟದ್ದು ಎಂಬ ಮಾತು ಪೂರ್ತಿ ಸರಿಯಲ್ಲ. ತಿರುಗುವ ಡ್ರಮ್ ತನ್ನ ಶೂವನ್ನು ತಾನೇ ಒಳಗೆಳೆದುಕೊಳ್ಳುವುದರಿಂದ ಪೆಡಲ್ ಮೇಲೆ ಕಾಲಿನ ಒತ್ತಡ ಕಡಿಮೆ ಸಾಕು, ಒಂದು ಸಲ ನಿಲ್ಲಿಸಲು ಅದು ಬಲವಾಗಿಯೇ ಹಿಡಿಯುತ್ತದೆ. ತೊಂದರೆ ಇರುವುದು ಎರಡನೆಯ, ಮೂರನೆಯ ಸಲದಲ್ಲಿ. ಶಾಖ ಒಳಗೇ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ಹೊಕ್ಕರೆ ಒಂದು ಚಕ್ರ ಹಿಡಿದು ಇನ್ನೊಂದು ಬಿಟ್ಟು ಕಾರು ಪಕ್ಕಕ್ಕೆ ಎಳೆಯುತ್ತದೆ. ಡಿಸ್ಕ್ ಬಯಲಿನಲ್ಲಿರುವುದರಿಂದ ಬೇಗ ತಣಿಯುತ್ತದೆ, ಬೇಗ ಒಣಗುತ್ತದೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವ ಕಾರಣ ಮುಂಚಕ್ರಗಳೇ ಹೆಚ್ಚಿನ ದುಡಿಮೆ ಮಾಡುತ್ತವೆ. ಹಾಗಾಗಿ ಮುಂದೆ ಡಿಸ್ಕ್ ಹಾಕಿ ಹಿಂದೆ ಒಳ್ಳೆಯ ಸ್ಥಿತಿಯ ಡ್ರಮ್ ಉಳಿಸಿಕೊಂಡರೆ ರಸ್ತೆಯ ಬಳಕೆಗೆ ಧಾರಾಳ. ಎಂಜಿಬಿ ವಿ8ನ ಹಿಂದೆಯೂ ಡ್ರಮ್ಮೇ ಇತ್ತು.

ಡಿಸ್ಕ್ ಹಾಕಿದ ಕೂಡಲೇ ಮಿಕ್ಕ ಭಾಗಗಳ ಸರದಿ. ಡಿಸ್ಕಿಗೆ ತನ್ನನ್ನು ತಾನೇ ಎಳೆದುಕೊಳ್ಳುವ ಗುಣವಿಲ್ಲ, ಅದಕ್ಕೆ ಹೆಚ್ಚು ಒತ್ತಡದ ಬ್ರೇಕ್ ಆಯಿಲ್ ಬೇಕು. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದ್ದರಿಂದ ಆಯಿಲ್ ಹೆಚ್ಚು ಪ್ರಮಾಣದಲ್ಲಿ ಹರಿಯಬೇಕು. ಇಲ್ಲಿ ಮಾಸ್ಟರ್ ಸಿಲಿಂಡರಿನ ಒಳವ್ಯಾಸ ನಿರ್ಣಾಯಕ. ವ್ಯಾಸವನ್ನು 25.4 ಮಿ.ಮೀ.ನಿಂದ 22.2ಕ್ಕೆ ಇಳಿಸಿದರೆ ಅದೇ ಕಾಲಿನ ಬಲಕ್ಕೆ ಒತ್ತಡ ಶೇ. 31ರಷ್ಟು ಏರುತ್ತದೆ, ಪೆಡಲ್ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಆಳಕ್ಕೆ ಹೋಗುತ್ತದೆ. ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರೆ ಬ್ರೇಕ್ ಬಲವಾಗುತ್ತದೆ ಎಂಬ ನಂಬಿಕೆ ತಲೆಕೆಳಗಾದದ್ದು, ಅದರಿಂದ ಪೆಡಲ್ ಕಲ್ಲಿನಂತಾಗುತ್ತದೆ ಅಷ್ಟೇ. ಡ್ರಮ್ ಬ್ರೇಕಿನ ಹಳೆಯ ಮಾಸ್ಟರ್ ಸಿಲಿಂಡರುಗಳೊಳಗೆ ಪೈಪಿನಲ್ಲಿ ಸದಾ ಸ್ವಲ್ಪ ಒತ್ತಡ ಹಿಡಿದಿಡುವ ವಾಲ್ವ್ ಇರುತ್ತದೆ. ಅದನ್ನು ತೆಗೆಯದೆ ಡಿಸ್ಕಿಗೆ ಜೋಡಿಸಿದರೆ ಪ್ಯಾಡುಗಳು ಬಿಡದೆ ಉಜ್ಜಿಕೊಂಡೇ ಓಡಿ ಕಾದು ಹೋಗುತ್ತವೆ. ‘ಡಿಸ್ಕ್ ಹಾಕಿಸಿದೆ, ಕಾರು ಜಾಮ್ ಆಗುತ್ತದೆ’ ಎಂಬ ದೂರಿನ ಹಿಂದೆ ಹಲವು ಸಲ ಈ ಪುಟ್ಟ ವಾಲ್ವ್ ಇರುತ್ತದೆ.

ಪೆಡಲ್ ಒತ್ತುವ ಕಾಲಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿನ ವಿಷಯದಲ್ಲಿ ಎಂಜಿನ್ನಿನ ಆಯ್ಕೆ ಮತ್ತೆ ಎದುರಾಗುತ್ತದೆ. ಬೂಸ್ಟರ್ ಕೆಲಸ ಮಾಡುವುದು ಪೆಟ್ರೋಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಹುಟ್ಟುವ ನಿರ್ವಾತದಿಂದ. ಡೀಸೆಲ್ಲಿನಲ್ಲಿ ಆ ನಿರ್ವಾತವೇ ಇಲ್ಲ. ನಮ್ಮಲ್ಲಿ ಬಂದ ಅನೇಕ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೆ ವ್ಯಾಕ್ಯೂಮ್ ಪಂಪ್ ಜೋಡಿಸಿರುವುದು ಇದಕ್ಕಾಗಿಯೇ. ಹಳೆಯ ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಿಸುವವರು ಪಂಪ್ ಇರುವ ಆಲ್ಟರ್ನೇಟರನ್ನೇ ತರಬೇಕು. ಅದಿಲ್ಲದೆ ಬೂಸ್ಟರ್ ಹಾಕಿದರೆ ಅಂಥ ಕಾರನ್ನು ರಸ್ತೆಗೆ ತರಲೇಬಾರದು. ಪೆಟ್ರೋಲಿನಲ್ಲೂ ರೇಸಿನ ಕ್ಯಾಮ್ ಶಾಫ್ಟ್ ಹಾಕಿ ಎಂಜಿನ್ ಕುದುರಿಸಿದವರಿಗೆ ಐಡ್ಲಿಂಗಿನಲ್ಲಿ ನಿರ್ವಾತ ಸಾಲದೆ ಪೆಡಲ್ ಗಟ್ಟಿಯಾಗುವ ಕಾಟ ಇದೆ. ಅಂಥವರಿಗೆ ವಿದ್ಯುತ್ ಪಂಪೊಂದು ದಾರಿ, ಪವರ್ ಸ್ಟೀರಿಂಗ್ ಪಂಪಿನ ಒತ್ತಡದಿಂದ ನಡೆಯುವ ಹೈಡ್ರೊಬೂಸ್ಟ್ ಇನ್ನೊಂದು.

ಎರಡು ಸಂಗತಿಗಳಲ್ಲಿ ರಾಜಿ ಸಲ್ಲದು. ಒಂದು, ಎರಡು ಪ್ರತ್ಯೇಕ ಸಾಲುಗಳ ಟ್ಯಾಂಡೆಮ್ ಮಾಸ್ಟರ್ ಸಿಲಿಂಡರ್. 1960ರ ದಶಕದ ಬಹುತೇಕ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸಾಲು ಇತ್ತು. ಎಲ್ಲೋ ಒಂದು ರಬ್ಬರ್ ವಾಷರ್ ಹರಿದರೆ ನಾಲ್ಕೂ ಬ್ರೇಕ್ ಹೋದಂತೆ. ಅಮೆರಿಕದಲ್ಲಿ 1968ರ ವೇಳೆಗೆ ಇಬ್ಬಗೆಯ ಸಾಲು ಕಡ್ಡಾಯವಾಗಿತ್ತು. ಎಂಜಿನ್ ಬದಲಿಸದಿದ್ದರೂ ಈ ಒಂದು ಸುಧಾರಣೆ ಎಲ್ಲ ಹಳೆಯ ಕಾರಿಗೂ ಬೇಕು. ಇನ್ನೊಂದು, ಹಿಂದಿನ ಬ್ರೇಕು ಮುಂದಿನದಕ್ಕಿಂತ ಮೊದಲು ಲಾಕ್ ಆಗಬಾರದು. ಹಿಂಚಕ್ರ ಮೊದಲು ಜಾರಿದರೆ ಕಾರು ಬುಗುರಿಯಂತೆ ಸುತ್ತುತ್ತದೆ. ಹಿಂದಕ್ಕೆ ಹೋಗುವ ಒತ್ತಡ ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವ್ ಹಾಕಿ, ಖಾಲಿ ಬಯಲಿನಲ್ಲಿ, ಒದ್ದೆ ನೆಲದಲ್ಲಿ ಪರೀಕ್ಷಿಸಿ ಹದ ಮಾಡಬೇಕು. ಹಿಂದೆ ಮುಂದೆ ಒಂದೇ ಅಳತೆಯ ಡಿಸ್ಕ್ ಹಾಕಿಸಿ ಬೀಗುವವರು ಈ ಅಪಾಯವನ್ನು ಕೈಯಾರೆ ಕೊಳ್ಳುತ್ತಿದ್ದಾರೆ.

ಬ್ರೇಕ್ ಆಯಿಲ್ ಅಗ್ಗದ ವಸ್ತು, ಆದ್ದರಿಂದಲೇ ಉಪೇಕ್ಷೆಗೆ ಒಳಗಾಗುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕರಾವಳಿಯ ಹವೆಯಲ್ಲಿ ವರ್ಷಗಟ್ಟಲೆ ಬದಲಿಸದ ಆಯಿಲ್ ಘಟ್ಟದ ಇಳಿಜಾರಿನಲ್ಲಿ ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ. ಇನ್ನು, ಬ್ರೇಕ್ ಚಕ್ರವನ್ನು ಹಿಡಿದರೆ ರಸ್ತೆಯನ್ನು ಹಿಡಿಯುವುದು ಟೈರು. ಅಂಬಾಸಿಡರಿನ ಹಳೆಯ 5.90-15 ಅಳತೆಯ ಕಿರಿದಾದ ಕ್ರಾಸ್‌ಪ್ಲೈ ಟೈರುಗಳನ್ನೇ ಇಟ್ಟುಕೊಂಡು ಎಷ್ಟು ದೊಡ್ಡ ಡಿಸ್ಕ್ ಹಾಕಿದರೂ ನಿಲ್ಲುವ ದೂರ ಹೆಚ್ಚೇನೂ ಇಳಿಯದು. ರೇಡಿಯಲ್ ಟೈರಿನ ಖರ್ಚನ್ನು ಬ್ರೇಕಿನ ಖರ್ಚಿನಲ್ಲೇ ಸೇರಿಸಿಕೊಳ್ಳಬೇಕು.

ಈಚೆಗೆ ವಿದ್ಯುತ್ ಮೋಟರ್ ಹಾಕುವ ದಾರಿಯೂ ತೆರೆದಿದೆ. 2017ರಲ್ಲಿ ಜಾಗ್ವಾರ್ ಕಂಪನಿ ತೋರಿಸಿದ ‘ಇ-ಟೈಪ್ ಝೀರೊ’ ಇಲ್ಲಿ ಒಳ್ಳೆಯ ಮಾದರಿ. ಹಳೆಯ ಆರು ಸಿಲಿಂಡರಿನ ಎಂಜಿನ್ ಇದ್ದ ಜಾಗದಲ್ಲಿ ಅದೇ ಗಾತ್ರ, ಹತ್ತಿರಹತ್ತಿರ ಅದೇ ತೂಕದ ಬ್ಯಾಟರಿ, ಗೇರ್‌ಬಾಕ್ಸ್ ಇದ್ದ ಕಡೆ ಮೋಟರ್. ಹಿಂದಿನ ಡಿಫರೆನ್ಶಿಯಲ್ ಮೊದಲಿನದೇ. ಒಟ್ಟು ತೂಕ ಮೂಲ ಕಾರಿಗಿಂತ 46 ಕಿಲೋ ಕಡಿಮೆ. ತೂಕ ಮತ್ತು ಅದರ ಹಂಚಿಕೆ ಕೆಡದಂತೆ ನೋಡಿಕೊಂಡದ್ದರಿಂದ ಮೂಲ ಸಸ್ಪೆನ್ಷನ್ ಮತ್ತು ಬ್ರೇಕುಗಳನ್ನೇ ಉಳಿಸಿಕೊಳ್ಳಲು ಸಾಧ್ಯವಾಯಿತು. ಎಲ್ಲರ ಕೈಗೂ ಇದು ಎಟುಕದು. ಸಿಕ್ಕ ಬ್ಯಾಟರಿಯನ್ನೆಲ್ಲ ಡಿಕ್ಕಿಗೆ ತುಂಬಿ ಕಾರನ್ನು 300 ಕಿಲೋ ಭಾರ ಮಾಡಿದರೆ ಬ್ರೇಕಿನ ಲೆಕ್ಕ ಮೊದಲಿನಿಂದ ಮಾಡಬೇಕು. ಬೂಸ್ಟರಿಗೆ ವಿದ್ಯುತ್ ಪಂಪ್ ಬೇಕೇ ಬೇಕು. ಮೋಟರಿನ ಪೂರ್ತಿ ಟಾರ್ಕ್ ಸೊನ್ನೆ ಸುತ್ತಿನಿಂದಲೇ ಬರುವುದರಿಂದ ಹಳೆಯ ಕ್ರೌನ್-ಪಿನಿಯನ್ನಿಗೆ ಪ್ರತಿ ಸಿಗ್ನಲ್ಲಿನಲ್ಲೂ ಪೆಟ್ಟು.

ಕಾನೂನಿನ ಮಾತನ್ನು ಕೆಲಸಕ್ಕೆ ಕೈಹಾಕುವ ಮೊದಲೇ ತಿಳಿದುಕೊಳ್ಳುವುದು ಕ್ಷೇಮ. ಬ್ರಿಟನ್ನಿನ ನೋಂದಣಿ ಇಲಾಖೆ ಬಹುಕಾಲ ಅನುಸರಿಸಿದ ಅಂಕಪದ್ಧತಿಯಲ್ಲಿ ಹಳೆಯ ಗುರುತು ಉಳಿಸಿಕೊಳ್ಳಲು ಕಾರಿಗೆ ಕನಿಷ್ಠ ಎಂಟು ಅಂಕ ಬೇಕಿತ್ತು. ಮೂಲ ಚಾಸಿಸಿಗೆ ಐದು ಅಂಕ. ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್, ಸಸ್ಪೆನ್ಷನ್ ತಲಾ ಎರಡು. ಎಂಜಿನ್ನಿಗೆ ಒಂದೇ ಒಂದು. ಭಾರತದ ನಿಲುವು ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಇಂಧನ ಬದಲಿಸುವ ಅನುಮೋದಿತ ಕಿಟ್ಟುಗಳಿಗೆ ದಾರಿಯಿದೆ, ವಿದ್ಯುತ್ ಕಿಟ್ಟುಗಳಿಗೆ ಎಐಎಸ್-123 ಎಂಬ ಮಾನದಂಡವಿದೆ. ಎರಡಕ್ಕೂ ಆರ್‌ಟಿಒ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದ ಎಂಜಿನ್ ಇರುವ ಕಾರು ಅಪಘಾತಕ್ಕೆ ಸಿಕ್ಕರೆ ವಿಮೆಯ ಪರಿಹಾರಕ್ಕೂ ತೊಡಕು. 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳು 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಸರಣಿಯ ನೋಂದಣಿ ಕೊಡುತ್ತವೆ, ಆದರೆ ಚಾಸಿಸ್, ದೇಹ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬ ಷರತ್ತಿದೆ.

ಹಾಗಾಗಿ ಈ ಕೆಲಸಕ್ಕೆ ಹೊರಟವರಲ್ಲಿ ಒಂದು ವಿನಂತಿ. ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಏನು ಸಾಧ್ಯ ಎಂದು ಬರಹದಲ್ಲಿ ಕೇಳಿ. ಆಮೇಲೆ ಟ್ಯಾಂಡೆಮ್ ಮಾಸ್ಟರ್ ಸಿಲಿಂಡರ್, ಮುಂದಿನ ಡಿಸ್ಕ್, ಹೊಸ ಪೈಪು, ಒಳ್ಳೆಯ ಟೈರು ಹಾಕಿಸಿ, ಹಳೆಯ ಎಂಜಿನ್ನಿನಲ್ಲೇ ಒಂದು ಮಳೆಗಾಲ ಓಡಿಸಿ ನೋಡಿ. ಹೆದ್ದಾರಿಯ ನೆಮ್ಮದಿಯಷ್ಟೇ ಬೇಕಾಗಿದ್ದರೆ ಐದು ಗೇರಿನ ಪೆಟ್ಟಿಗೆಯಲ್ಲೇ ಅದು ಸಿಕ್ಕೀತು. ಅದರ ಮೇಲೂ ಎಂಜಿನ್ ಬದಲಿಸುವುದಾದರೆ ಆಕ್ಸಲ್ ಅನುಪಾತವನ್ನು ಕಾಗದದ ಮೇಲೆ ತೀರ್ಮಾನಿಸಿದ ನಂತರವೇ ಎಂಜಿನ್ನಿಗೆ ಮುಂಗಡ ಕೊಡಿ. ಬಿಚ್ಚಿದ ಮೂಲ ಎಂಜಿನ್, ಗೇರ್‌ಬಾಕ್ಸ್, ಡ್ರಮ್ಮುಗಳನ್ನು ಗುಜರಿಗೆ ಹಾಕಬೇಡಿ. ಗ್ರೀಸ್ ಸವರಿ, ನಂಬರು ಬರೆದು, ಒಣ ಜಾಗದಲ್ಲಿ ಇಡಿ. ಮುಂದೆ ಆ ಕಾರನ್ನು ಮೂಲ ರೂಪಕ್ಕೆ ತರಬೇಕೆಂದು ಬಯಸುವವರಿಗೆ ಅವು ಬೇರೆಲ್ಲೂ ಸಿಗುವುದಿಲ್ಲ.